ಸ್ಪಷ್ಟನೆ: ಮದರ್ ತೆರೇಸಾ ಶಿಶುಭವನದಲ್ಲಿ ‘ನೇರ ದತ್ತು’ ಇಲ್ಲ

‘ಮದರ್ ತೆರೇಸಾ ಶಿಶುಭವನದಲ್ಲಿ ತಬ್ಬಲಿ ಕೂಸುಗಳಿವೆ, ಮಕ್ಕಳಿಲ್ಲದವರು ನೇರವಾಗಿ ಹೋಗಿ ಕರೆತರಬಹುದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಇದು ನಿಜವಲ್ಲ.

ಕೋಲ್ಕತ್ತದಲ್ಲಿ 1955ರಲ್ಲಿ ಮೊದಲ ಶಿಶುಭವನ ತೆರೆದ, ಮದರ್ ತೆರೇಸಾ ಸ್ಥಾಪಿಸಿದ ಮಿಷನರೀಸ್ ಆಫ್ ಚಾರಿಟಿ ಸಂಸ್ಥೆ, ಹಿಂದೆ ಮಕ್ಕಳನ್ನು ದತ್ತು ಕೊಡುತ್ತಿದ್ದದ್ದು ಹೌದು. ಆದರೆ 2015ರಲ್ಲಿ ಒಂಟಿ ಪೋಷಕರಿಗೂ ಅವಕಾಶ ಕೊಟ್ಟ ಹೊಸ ಮಾರ್ಗಸೂಚಿ ತಮ್ಮ ನಂಬಿಕೆಗೆ ಒಗ್ಗದೆಂದು ಸಂಸ್ಥೆಯೇ ಭಾರತದಲ್ಲಿ ಆ ಕೆಲಸದಿಂದ ಹಿಂದೆ ಸರಿಯಿತು. ಅವರ ನಿಲುವನ್ನು ಒಪ್ಪಬೇಕೆಂದಿಲ್ಲ. ಸಂದೇಶ ಹಳಸಿದ್ದಂತೂ ಖಚಿತ.

ಇನ್ನು, ಚರ್ಚ್ ನಡೆಸಲಿ, ಮಠ ನಡೆಸಲಿ, ಯಾವ ಆಶ್ರಮವೂ ತನ್ನಿಷ್ಟದಂತೆ ಮಗುವನ್ನು ಯಾರ ಕೈಗೂ ಒಪ್ಪಿಸುವಂತಿಲ್ಲ. ತೊರೆದ ಮಗು ಸಿಕ್ಕಿದರೆ 24 ಗಂಟೆಯೊಳಗೆ ಪೊಲೀಸರಿಗೋ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಮುಂದಿನದನ್ನು ಆ ಸಮಿತಿ ನಿರ್ಧರಿಸುತ್ತದೆ. ಮಗುವನ್ನು ‘ದತ್ತುಮುಕ್ತ’, ಅಂದರೆ ಕಾನೂನಿನಂತೆ ದತ್ತು ಕೊಡಬಹುದು, ಎಂದು ಘೋಷಿಸುವುದೂ ಅದೇ. ಹೆತ್ತವಳೇ ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಆಕೆಗೆ 60 ದಿನ ಇರುತ್ತದೆ. ದತ್ತು ಬಯಸುವವರು ಕೇಂದ್ರ ದತ್ತು ಪ್ರಾಧಿಕಾರದ, ಅಂದರೆ ‘ಕಾರಾ’ದ, ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯಬೇಕು. ವರ್ಷಗಟ್ಟಲೆ ಆಗಬಹುದು, ಬೇಸರವೂ ಸಹಜ. ಆದರೂ ಅಡ್ಡದಾರಿ ಹಿಡಿದರೆ, ಬಾಲನ್ಯಾಯ ಕಾಯ್ದೆಯ 80ನೇ ಕಲಮಿನಡಿ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ.

ಹಿಂಸೆಗೊಳಗಾದ, ಬೀದಿಪಾಲಾದ ಮಗು ಕಂಡರೆ ಸಂದೇಶ ಹಂಚುವುದಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.