ಓಡುತ್ತಿರುವ ಹಳೇ ಟಿವಿ ಯಾರ ಮನೆಗೆ ಹೋಗಬೇಕು?

ಹಬ್ಬದ ಆಫರ್‌ನಲ್ಲಿ 43 ಇಂಚಿನ ಹೊಸ ಟಿವಿ ಬಂದ ಮನೆಯಲ್ಲಿ ಹಳೆಯದು ಮಂಚದ ಕೆಳಗೋ ಅಟ್ಟದ ಮೇಲೋ ಸೇರುತ್ತದೆ. ಸ್ವಲ್ಪ ದಿನಕ್ಕೆ "ಚೆನ್ನಾಗೇ ಓಡ್ತಿದೆ, ಯಾವುದಾದ್ರೂ ಆಶ್ರಮಕ್ಕೆ ಕೊಟ್ಟುಬಿಡೋಣ" ಎಂಬ ಮಾತು ಶುರುವಾಗುತ್ತದೆ. ಓಡುತ್ತದೆ ಅನ್ನೋದೊಂದೇ ಸಾಲದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಪಡೆಯುವವರ ಮನೆಯಲ್ಲಿ ಆ ಟಿವಿಗೆ ಸಿಗ್ನಲ್ ಎಲ್ಲಿಂದ ಬರುತ್ತದೆ, ಯಾವ ವೈರ್‌ನಲ್ಲಿ ಬರುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಕೊಡಬೇಕು. ಇಲ್ಲದಿದ್ದರೆ ಅದು ನಮ್ಮ ಅಟ್ಟದಿಂದ ಇಳಿದು ಅವರ ಅಟ್ಟ ಹತ್ತುತ್ತದೆ.

ಮೊದಲು ಟಿವಿಯ ಹಿಂಭಾಗ ನೋಡಿ. ಆಂಟೆನಾ ಪಾಯಿಂಟ್ ಒಂದೇ ಇದ್ದರೆ ಹೊಸ ಮನೆ ಸಿಗುವುದು ಕಷ್ಟ. ದೂರದರ್ಶನದ ಹಳೇ ಅನಲಾಗ್ ಟವರ್‌ಗಳು 2022ರ ಹೊತ್ತಿಗೆ ಬಹುತೇಕ ಬಂದ್ ಆದವು, ಕೇಬಲ್‌ನಲ್ಲೂ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಈಗ ಏನೂ ಬರಲ್ಲ. ಅಂಥ ಟಿವಿಗೆ ಆರ್‌ಎಫ್ ಔಟ್ (ಆಂಟೆನಾ ಪಾಯಿಂಟಿಗೆ ಸಿಗ್ನಲ್ ಕೊಡುವ ತೂತು) ಇರುವ ಬಾಕ್ಸೇ ಆಗಬೇಕು, ಈಗಿನ ಬಾಕ್ಸ್‌ಗಳಲ್ಲಿ ಅದು ಅಪರೂಪ. ಹಳದಿ, ಬಿಳಿ, ಕೆಂಪು ಎವಿ ಪಿನ್‌ಗಳಿದ್ದರೆ ಡಿಟಿಎಚ್, ಕೇಬಲ್, ಡಿಡಿ ಫ್ರೀ ಡಿಶ್ ಮೂರೂ ನಡೆಯುತ್ತವೆ. ಎಚ್‌ಡಿಎಂಐ ಇದ್ದರೆ ಅದಕ್ಕೆ ಇನ್ನೂ ಒಳ್ಳೇ ಬೇಡಿಕೆಯಿದೆ. ವಿಜಿಎ (ಕಂಪ್ಯೂಟರ್ ಮಾನಿಟರ್ ಥರದ) ಪಾಯಿಂಟ್ ಇದ್ದರಂತೂ ಎಸೆಯಲೇಬೇಡಿ, ಅದಕ್ಕೆ ಬೇರೆಯದೇ ಗಿರಾಕಿಗಳಿದ್ದಾರೆ.

ಯಾರಿಗಾದರೂ ಹೇಳುವ ಮುಂಚೆ ತಣ್ಣಗಿರುವ ಟಿವಿಯನ್ನು ಆನ್ ಮಾಡಿ ಎರಡು ಗಂಟೆ ಬಿಡಿ. ಐದು ನಿಮಿಷದ ಪರೀಕ್ಷೆಯಲ್ಲಿ ನಿಜವಾದ ತೊಂದರೆ ಕಾಣುವುದಿಲ್ಲ. ಪಿಕ್ಚರ್ ಟ್ಯೂಬ್ ಇರುವ ಹಳೇ ಡಬ್ಬಾ ಟಿವಿಯಲ್ಲಿ ಬಿಸಿಯಾದ ಮೇಲೆ ಚಿತ್ರ ಮೇಲಿಂದ ಕೆಳಗೆ ಕುಗ್ಗಿದರೆ, ಇಲ್ಲವೇ ನಡುವೆ ಒಂದೇ ಅಡ್ಡಗೆರೆ ಉಳಿದರೆ, ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಐಸಿಯ ಬೆಸುಗೆ ಬಿಟ್ಟಿರುತ್ತದೆ ಅಥವಾ ಅಲ್ಲಿನ ಕೆಪಾಸಿಟರ್ ಸೊರಗಿರುತ್ತದೆ. ಕೈ ಪಳಗಿದ ಮೆಕ್ಯಾನಿಕ್‌ಗೆ ಅದು ಸಣ್ಣ ಕೆಲಸ. ಚಿತ್ರ ಬರಲು ಬಹಳ ಹೊತ್ತು ಹಿಡಿದು, ಬಂದ ಮೇಲೂ ಮಂಕಾಗಿದ್ದರೆ ಪಿಕ್ಚರ್ ಟ್ಯೂಬೇ ಸವೆದಿದೆ ಎಂದರ್ಥ. ಅದಕ್ಕೆ ಖರ್ಚು ಮಾಡಬೇಡಿ, ಯಾರಿಗೂ ಕೊಡಲೂ ಬೇಡಿ. ಮೂಲೆಯಲ್ಲಿ ಹಸಿರು, ನೇರಳೆ ಕಲೆ ಇದ್ದರೆ ಗಾಬರಿ ಬೇಡ. ಪಕ್ಕದಲ್ಲಿ ಸ್ಪೀಕರ್ ಇದ್ದರೆ ತೆಗೆದು, ಟಿವಿಯ ಮೇನ್ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಹಾಕಿ. ಇಂಥ ಕಲೆ ತೆಗೆಯುವ ಒಳಗಿನ ಡಿಗಾಸ್ ಕಾಯಿಲ್ ಅದರ ಸರ್ಕ್ಯೂಟ್ ತಣ್ಣಗಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಎಷ್ಟೋ ಸೆಟ್‌ಗಳಲ್ಲಿ ಅದು ಓಡುವುದೇ ಇಲ್ಲ. ಹಿಂದಿನ ಕವರ್ ಮಾತ್ರ ನೀವೇ ಬಿಚ್ಚಬೇಡಿ. ಕಲರ್ ಟ್ಯೂಬ್‌ಗೆ ಹೋಗುವುದು 20ರಿಂದ 25 ಸಾವಿರ ವೋಲ್ಟ್, ಪ್ಲಗ್ ಕಿತ್ತ ಮೇಲೂ ಟ್ಯೂಬ್ ಆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ.

ಎಲ್‌ಸಿಡಿ ಟಿವಿ ನಾಲ್ಕೈದು ಸಲ ಒತ್ತಿದ ಮೇಲೆ ಆನ್ ಆಗುತ್ತಿದ್ದರೆ ಹೆಚ್ಚಿನ ಸಲ ಪವರ್ ಬೋರ್ಡಿನ ಕೆಪಾಸಿಟರ್ ಉಬ್ಬಿರುತ್ತದೆ. ಅದನ್ನು ಮಾಡಿಸಿಯೇ ಕೊಡಿ, ಯಾಕೆಂದರೆ ಪಡೆದವರಿಗೆ ಅಷ್ಟು ದುಡ್ಡೂ ದೊಡ್ಡದಾಗಿರಬಹುದು. ಪರದೆಯಲ್ಲಿ ಉದ್ದುದ್ದ ಗೆರೆ ಬಿದ್ದಿದ್ದರೆ ಅದು ಪ್ಯಾನೆಲ್ ತೊಂದರೆ, ದಿನ ಕಳೆದಂತೆ ಹೆಚ್ಚುತ್ತದೆ. ಮೊದಲೇ ಹೇಳಿಬಿಡಿ.

ಇನ್ನು ಡಬ್ಬಾ ಟಿವಿ ಯಾರಿಗೆ? ಕರೆಂಟ್ ತಿನ್ನುತ್ತದೆ ಎಂಬ ಹೆದರಿಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ. 21 ಇಂಚಿನದು ಸುಮಾರು 80 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಆಯಿತು. 32 ಇಂಚಿನ ಎಲ್‌ಇಡಿಗೆ ಅದರ ಅರ್ಧ. ಹಳೇ 42 ಇಂಚಿನ ಪ್ಲಾಸ್ಮಾ ಮಾತ್ರ 200 ವ್ಯಾಟ್ ದಾಟುತ್ತದೆ, ಅಂದರೆ ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂದುಕೊಂಡಿರುವವರು ಬಹಳ. ಹಾಗಲ್ಲ, ಆ ಮನೆಯ ಹಳೇ ಸರಾಸರಿಗೆ ತುಸು ಸೇರಿಸಿ ಮಿತಿ ಹಾಕಿರುತ್ತಾರೆ, ಅದನ್ನು ಮೀರಿದ್ದಕ್ಕೆ ಬಿಲ್ ಬರುತ್ತದೆ. ಅಡುಗೆ ಕೆಲಸಕ್ಕೆ ಬರುವ ಅಮ್ಮನಿಗೆ ಪ್ರೀತಿಯಿಂದ ಕೊಟ್ಟ ಪ್ಲಾಸ್ಮಾ ಅವರ ಬಿಲ್ ಶುರುಮಾಡಿಸಬಾರದು.

ಒಬ್ಬರೇ ಇರುವ ಹಿರಿಯರು, ತೋಟದ ಮನೆಯವರು, ವಾಚ್‌ಮನ್ ರೂಮಿನವರು ಡಬ್ಬಾ ಟಿವಿಯನ್ನು ಈಗಲೂ ಸಂತೋಷದಿಂದ ನೋಡುತ್ತಾರೆ, ಬಾಕ್ಸ್ ಜೊತೆಗೆ ಸಿಕ್ಕಿದರೆ. ಡಿಡಿ ಫ್ರೀ ಡಿಶ್‌ಗೆ ತಿಂಗಳ ರೀಚಾರ್ಜ್ ಇಲ್ಲ. ಡಿಶ್, ಅದರ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಬಾಕ್ಸ್, ಕೇಬಲ್, ಕೂಲಿ ಸೇರಿ ಒಂದೂವರೆ ಎರಡು ಸಾವಿರದೊಳಗೆ ಒಂದೇ ಸಲದ ಖರ್ಚು. ಚಂದನ ಬರುತ್ತದೆ, ಹಿಂದಿ ಚಾನೆಲ್‌ಗಳು ಹೆಚ್ಚು. ಬಿಹಾರ, ಒಡಿಶಾ ಕಡೆಯಿಂದ ಬಂದ ಕಟ್ಟಡ ಕೆಲಸದವರ ಶೆಡ್‌ಗೆ ಇದು ಹೇಳಿಮಾಡಿಸಿದ ಹಾಗಿರುತ್ತದೆ. ದಿನಾ ಕನ್ನಡ ಸೀರಿಯಲ್ ನೋಡುವ ಅಜ್ಜಿಗೆ ಇಷ್ಟು ಸಾಲದು, ಅವರಿಗೆ ಕೇಬಲ್ಲೋ ಡಿಟಿಎಚ್ಚೋ ಬೇಕು, ಅದರ ತಿಂಗಳ ದುಡ್ಡು ಯಾರು ಕಟ್ಟುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಬಾಕ್ಸ್ ಜೋಡಿಸುವಾಗ ಜನ ಸೋಲುವುದು ನಾಲ್ಕು ಕಡೆ. ಈಗಿನ ಬಾಕ್ಸ್‌ಗಳಲ್ಲಿ ಮೂರು ಬಣ್ಣದ ಪಿನ್ ಬದಲು ಇಯರ್‌ಫೋನ್ ಥರದ ಒಂದೇ ತೂತಿರುತ್ತದೆ. ಅದಕ್ಕೆ ಬರುವ ವೈರ್‌ಗಳೆಲ್ಲ ನೋಡಲು ಒಂದೇ, ಒಳಗಿನ ಜೋಡಣೆ ಬೇರೆ ಬೇರೆ. ಚಿತ್ರ ಬರದೆ ಸ್ಪೀಕರ್‌ನಲ್ಲಿ ಗುರ್ ಎಂಬ ಸದ್ದು ಬಂದರೆ ಟಿವಿಯ ಹಳದಿ ತೂತಿಗೆ ಕೆಂಪು ಪಿನ್ ಚುಚ್ಚಿ ನೋಡಿ. ಆಗಲೂ ಬರದಿದ್ದರೆ ಬಾಕ್ಸ್ ಜೊತೆ ಬಂದ ವೈರನ್ನೇ ತರಿಸಬೇಕು. ಚಿತ್ರ ಕಪ್ಪು ಬಿಳುಪಾಗಿ ಬಂದರೆ ಟಿವಿಯಲ್ಲಿ ಕಲರ್ ಸಿಸ್ಟಮ್ ಪಾಲ್ ಅಥವಾ ಆಟೋ ಮಾಡಿ. ಚಿತ್ರ ಉದ್ದಕ್ಕೆ ಎಳೆದಂತೆ ಕಾಣುತ್ತಿದ್ದರೆ ಬಾಕ್ಸ್ ಸೆಟ್ಟಿಂಗ್‌ನಲ್ಲಿ 16:9 ಇದ್ದದ್ದನ್ನು 4:3 ಮಾಡಿ. ಬಾಕ್ಸ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ "ಎಚ್‌ಡಿಎಂಐ ಟು ಎವಿ" ಎಂದು ಕೇಳಿಯೇ ಕನ್ವರ್ಟರ್ ತನ್ನಿ. "ಎವಿ ಟು ಎಚ್‌ಡಿಎಂಐ" ಅದರ ಉಲ್ಟಾ, ಎರಡರ ಡಬ್ಬಿಯೂ ಒಂದೇ ಥರ ಇರುತ್ತದೆ, ಒಂದರ ಕೆಲಸ ಇನ್ನೊಂದು ಮಾಡಲ್ಲ.

ರೆಟ್ರೊ ಗೇಮ್ ಆಡುವ ಹುಡುಗರನ್ನು ಮರೆಯಬೇಡಿ. ಹಳೇ ವಿಡಿಯೊ ಗೇಮಿನ ಗನ್ ಪರದೆಯ ಮೇಲೆ ಬೆಳಕು ಮೂಡುವ ಕ್ಷಣವನ್ನೇ ನಂಬಿಕೊಂಡು ಕೆಲಸ ಮಾಡುವುದರಿಂದ ಅದು ಎಲ್‌ಇಡಿಯಲ್ಲಿ ನಡೆಯುವುದಿಲ್ಲ. ಚೆನ್ನಾಗಿರುವ 14ರಿಂದ 21 ಇಂಚಿನ, ಸೋನಿಯ ಟ್ರಿನಿಟ್ರಾನ್ ಥರದ ಸೆಟ್‌ಗಳನ್ನು ಅವರೇ ಹುಡುಕಿಕೊಂಡು ಬಂದು ಹೊತ್ತೊಯ್ಯುತ್ತಾರೆ.

19ರಿಂದ 24 ಇಂಚಿನ, ವಿಜಿಎ ಇರುವ ಎಲ್‌ಸಿಡಿಗೆ ಅತಿ ಒಳ್ಳೇ ಜಾಗ ಸಿಸಿಟಿವಿ. ಕಿರಾಣಿ ಅಂಗಡಿ, ಮೆಡಿಕಲ್ ಶಾಪ್, ಅಪಾರ್ಟ್‌ಮೆಂಟ್ ಗೇಟು, ಹಾಲಿನ ಡೇರಿ ಎಲ್ಲ ಕಡೆ ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಡಿವಿಆರ್ ಇರುತ್ತದೆ, ಅದಕ್ಕೆ ಪರದೆ ಬೇಕೇ ಬೇಕು. ಜೋಡಿಸಿದಾಗ "ಔಟ್ ಆಫ್ ರೇಂಜ್" ಎಂದು ಬಂದರೆ ಟಿವಿ ಕೆಟ್ಟಿದೆ ಅಂದುಕೊಳ್ಳಬೇಡಿ. ಡಿವಿಆರ್ 1920×1080ಕ್ಕೆ ಸೆಟ್ ಆಗಿರುತ್ತದೆ. ಬೇರೆ ಮಾನಿಟರ್ ಹಾಕಿ 1024×768ಕ್ಕೆ ಇಳಿಸಿ, ಆಮೇಲೆ ಹಳೇ ಟಿವಿ ಜೋಡಿಸಿ.

ಶಾಲೆ, ಅಂಗನವಾಡಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಡಬ್ಬಾ ಟಿವಿ ಹೊತ್ತುಕೊಂಡು ಹೋಗುವುದನ್ನು ದಯವಿಟ್ಟು ನಿಲ್ಲಿಸಿ. ಅಲ್ಲಿಗೆ ಬೇಕಾದದ್ದು ಪೆನ್‌ಡ್ರೈವ್ ಅಥವಾ ಲ್ಯಾಪ್‌ಟಾಪ್ ಹಾಕಿ ತೋರಿಸಲಾಗುವ, ಎಚ್‌ಡಿಎಂಐ ಇರುವ 32 ಇಂಚಾದರೂ ಇರುವ ಪರದೆ. ಸರ್ಕಾರಿ ಶಾಲೆಯಲ್ಲಿ ಒಮ್ಮೆ ಸ್ಟಾಕ್ ರಿಜಿಸ್ಟರ್‌ಗೆ ಏರಿದ ವಸ್ತುವನ್ನು ಕೆಟ್ಟ ಮೇಲೆ ವಿಲೇವಾರಿ ಮಾಡುವುದು ಮೇಷ್ಟ್ರಿಗೆ ತಲೆನೋವು. ಮೊದಲು ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಹಿಂಭಾಗದ ಫೋಟೋ ಕಳಿಸಿ ಕೇಳಿ. ಬೇಡ ಎಂದರೆ ಬೇಡ.

ಎಚ್‌ಡಿಎಂಐ ಇದ್ದು ಸ್ಮಾರ್ಟ್ ಅಲ್ಲದ ಟಿವಿಗೆ ಇಂಟರ್ನೆಟ್ ವಿಡಿಯೊ ತೋರಿಸುವ ಸ್ಟಿಕ್ ಹಾಕಿದರೆ ಯೂಟ್ಯೂಬ್ ಓಡುತ್ತದೆ. ಆದರೆ ಸ್ಟಿಕ್‌ಗೆ ಅದರದೇ ಅಡಾಪ್ಟರಿನಿಂದ ಪವರ್ ಕೊಡಿ. ಹಳೇ ಟಿವಿಯ ಯುಎಸ್‌ಬಿ ಅರ್ಧ ಆಂಪಿಯರ್ ಮಾತ್ರ ಕೊಡುವುದರಿಂದ ಸ್ಟಿಕ್ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ನಿಮ್ಮದು ಹಳೇ ಸ್ಮಾರ್ಟ್ ಟಿವಿಯಾಗಿದ್ದರೆ ಎಲ್ಲ ಅಕೌಂಟ್‌ಗಳಿಂದ ಲಾಗ್ಔಟ್ ಆಗಿ ಫ್ಯಾಕ್ಟರಿ ರೀಸೆಟ್ ಮಾಡದೆ ಕೊಡಬೇಡಿ.

ಕೊಡುವಾಗ ಪೂರ್ತಿ ಸೆಟ್ ಕೊಡಿ. ರಿಮೋಟ್ ಇಲ್ಲದಿದ್ದರೆ ಎಷ್ಟೋ ಟಿವಿಗಳನ್ನು ಎವಿ ಮೋಡ್‌ಗೆ ತರಲಾಗುವುದಿಲ್ಲ, ಆದ್ದರಿಂದ ಒಂದು ಹೊಂದುವ ರಿಮೋಟ್ ಕೊಂಡು, ಹೊಸ ಸೆಲ್ ಹಾಕಿ, ಪರೀಕ್ಷಿಸಿ ಕೊಡಿ. ಸ್ಟ್ಯಾಂಡಿನ ಸ್ಕ್ರೂಗಳನ್ನು ಪುಟ್ಟ ಕವರ್‌ನಲ್ಲಿ ಹಾಕಿ ಹಿಂಭಾಗಕ್ಕೆ ಟೇಪ್ ಮಾಡಿ. ಸಾಗಿಸುವಾಗ ಎಲ್‌ಸಿಡಿ ನಿಂತೇ ಇರಬೇಕು, ಮಲಗಿಸಿದರೆ ರಸ್ತೆ ಗುಂಡಿಯಲ್ಲಿ ಪ್ಯಾನೆಲ್ ಬಿರುಕುಬಿಡುತ್ತದೆ. ಡಬ್ಬಾ ಟಿವಿಯ ತೂಕವೆಲ್ಲ ಗಾಜಿನ ಕಡೆ ಇರುತ್ತದೆ, ಎತ್ತುವಾಗ ಪರದೆಯನ್ನು ಎದೆಗೆ ಆನಿಸಿಕೊಳ್ಳಿ. 29 ಇಂಚಿನದಾದರೆ ಇಬ್ಬರು ಬೇಕೇ ಬೇಕು.

ಮಾರುವವರಿಗೆ ಒಂದೇ ಎಚ್ಚರಿಕೆ: ದುಡ್ಡು ಕಳಿಸುತ್ತೇನೆ ಎಂದು ಕ್ಯೂಆರ್ ಕೋಡ್ ಕಳಿಸಿ ಪಿನ್ ಹಾಕಿ ಅನ್ನುವವನು ಕಳ್ಳ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಮೋಸಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಯಾರಿಗೂ ಬೇಡವಾದ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಬೇಡಿ. ಅಲ್ಲಿ ಟ್ಯೂಬಿನ ಕತ್ತಿಗೆ ಸುತ್ತಿದ ಯೋಕಿನ ತಾಮ್ರಕ್ಕಾಗಿ ಟ್ಯೂಬ್ ಒಡೆದು, ಸೀಸ ತುಂಬಿದ ಗಾಜನ್ನು ಖಾಲಿ ಸೈಟಿಗೋ ರಾಜಕಾಲುವೆಗೋ ಸುರಿಯುತ್ತಾರೆ. ಒಳಗೆ ನಿರ್ವಾತ ಇರುವುದರಿಂದ ಒಡೆಯುವವನ ಕಣ್ಣಿಗೂ ಅಪಾಯ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಟಿವಿಯೂ ಸೇರಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಮರುಬಳಕೆದಾರರಿಗೆ ಫೋನ್ ಮಾಡುವಾಗ "ಪಿಕ್ಚರ್ ಟ್ಯೂಬ್ ಟಿವಿ ತಗೋತೀರಾ, ಮನೆಗೆ ಬರ್ತೀರಾ, ರಸೀದಿ ಕೊಡ್ತೀರಾ" ಎಂದು ಮೂರನ್ನೂ ಕೇಳಿ. ಟ್ಯೂಬ್‌ಗೆ ಸಾಗಣೆ ಚಾರ್ಜ್ ಕೇಳಿದರೆ ಕೊಟ್ಟು ಕಳಿಸಿ. ಅದರಲ್ಲಿ ಗಾಜೇ ಹೆಚ್ಚು, ಅವರಿಗೆ ಸಿಗುವ ಲೋಹ ಕಡಿಮೆ.