ಸೈಕಲ್ಲಿನ ಹಿಂದೆ ಒಂದು ಕೆಂಪು ದೀಪ

ನಿನ್ನೆ ರಾತ್ರಿ ಏಳೂವರೆಯ ಹೊತ್ತಿಗೆ ಭಾವನ ಕಾರನ್ನು ಓಡಿಸಿಕೊಂಡು ಮಂಡ್ಯದಿಂದ ಶ್ರೀರಂಗಪಟ್ಟಣದ ಕಡೆಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದಾಗ ಒಬ್ಬ ಮನುಷ್ಯನಿಗೆ ಗುದ್ದುವುದರಲ್ಲಿದ್ದೆ. ಕೈನಡುಕ ನಿಂತಿದೆ, ಕಳವಳ ನಿಂತಿಲ್ಲ. ನಾನು ಹದಿನೈದು ವರ್ಷಗಳಿಂದ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬರುವವನು, ಕಾರಿನವರನ್ನು ಇಲ್ಲಿಯೇ ಎಷ್ಟೋ ಸಲ ಬೈದು ಬರೆದವನು ಎಂಬುದು ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ಆ ಕಾರಿನವನು ನಾನೇ ಆಗಿದ್ದೆ.

ಎದುರಿನಿಂದ ಬಂದ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದು ಸರಿದ ಮೇಲೆ ರಸ್ತೆಯ ಎಡಬದಿಯಲ್ಲಿ ಕಂಡದ್ದು ಒಂದು ಹುಲ್ಲಿನ ಹೊರೆ ಮಾತ್ರ. ಆ ಹೊರೆ ಚಲಿಸುತ್ತಿದೆ, ಅದರ ಅಡಿಯಲ್ಲಿ ಸೈಕಲ್ಲಿದೆ, ಸೈಕಲ್ಲಿನ ಮೇಲೆ ಒಂದು ಜೀವವಿದೆ ಎಂದು ತಿಳಿಯುವಷ್ಟರಲ್ಲಿ ಬ್ರೇಕನ್ನು ಪೂರ್ತಿ ತುಳಿದಿದ್ದೆ. ಕಾರು ನಿಂತಾಗ ಹೊರೆಗೂ ಬಾನೆಟ್ಟಿಗೂ ಎರಡು ಮಾರಿನಷ್ಟು ಅಂತರವಿತ್ತು. ಇಳಿದು ಹೋಗಿ, “ಹಿಂದೆ ಒಂದು ಲೈಟ್ ಹಾಕಿಸ್ಕೋಬಾರ್ದಾ ಯಜಮಾನ್ರೇ?” ಎಂದು ಕೇಳಿದೆ. ಅರವತ್ತು ದಾಟಿದ ಆ ಹಿರಿಯರು ಹಳೆಯ ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿದಿದ್ದ ಟಾರ್ಚನ್ನು ತೋರಿಸಿ, “ದಾರಿ ಕಾಣಕ್ಕೆ ಇದು ಸಾಕಲ್ವಾ ಸ್ವಾಮಿ?” ಎಂದರು.

ಆ ಪ್ರಶ್ನೆ ರಾತ್ರಿಯಿಡೀ ನನ್ನನ್ನು ಕಾಡಿತು. ದೀಪವಿರುವುದು ನಮಗೆ ದಾರಿ ಕಾಣುವುದಕ್ಕೆ ಎಂದು ನಾವೆಲ್ಲ ನಂಬಿದ್ದೇವೆ. ಹಿಂದಿನಿಂದ ಬರುವವನಿಗೆ ನಾವು ಕಾಣಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಇದೆ ಎಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಅಲ್ಲಿಗೇ ಮುಗಿಯಿತು. ಕಾರು ಪೂರ್ತಿ ನಿಲ್ಲಲು ಇನ್ನೂ ಇಪ್ಪತ್ತು ಮೀಟರಾದರೂ ಬೇಕು. ಲೋಬೀಮಿನಲ್ಲಿ, ಅಂದರೆ ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ, ಕಪ್ಪು ಸೈಕಲ್ಲು, ಮಾಸಿದ ಅಂಗಿ, ಹಸಿರು ಹುಲ್ಲು ಅಷ್ಟು ದೂರದಿಂದ ಕಾಣುವುದೇ ಇಲ್ಲ. ಒಂದು ಸಣ್ಣ ಕೆಂಪು ಎಲ್ಇಡಿ ದೀಪವಾದರೋ ನೂರಾರು ಮೀಟರ್ ದೂರದಿಂದಲೇ ಕಾಣುತ್ತದೆ.

ಮಡ್‌ಗಾರ್ಡಿನ ಮೇಲೆ ರಿಫ್ಲೆಕ್ಟರ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಅವರ ಸೈಕಲ್ಲಿನಲ್ಲೂ ಇತ್ತು, ನಾನೇ ಹುಲ್ಲನ್ನು ಸರಿಸಿ ನೋಡಿದೆ. ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಮರಳಿಸುವ ವಸ್ತು ಅದು. ಕೆಸರು ಮೆತ್ತಿಕೊಂಡು ಹೊರೆಯ ಅಡಿಯಲ್ಲಿ ಮುಚ್ಚಿಹೋದರೆ ಇದ್ದೂ ಇಲ್ಲದಂತೆಯೇ. ಹಳ್ಳಿಯ ಸೈಕಲ್ಲಿನ ಕ್ಯಾರಿಯರ್ ಖಾಲಿ ಇರುವುದಾದರೂ ಯಾವಾಗ? ಹುಲ್ಲು, ಹಾಲಿನ ಕ್ಯಾನು, ಗೊಬ್ಬರದ ಚೀಲ, ಏನಾದರೊಂದು ಇದ್ದೇ ಇರುತ್ತದೆ. ಪೆಡಲಿನ ಅಂಚಿನ ರಿಫ್ಲೆಕ್ಟರುಗಳು ಮೇಲೆ ಕೆಳಗೆ ಆಡುವುದರಿಂದ ಸೈಕಲ್ಲೆಂದು ಬೇಗ ಗುರುತು ಸಿಗುತ್ತದೆ ಎಂಬುದು ನಿಜ, ಆದರೆ ಅವರ ಪೆಡಲಿನಲ್ಲಿ ಉಳಿದದ್ದು ಕಬ್ಬಿಣದ ಕಡ್ಡಿ ಮಾತ್ರ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ. ವೇಗದ ರಸ್ತೆಯಲ್ಲಿ ಅವು ಇರಬಾರದೆಂಬ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಆದರೆ ಅವೆಲ್ಲವೂ ಬಂದು ಸೇರಿದ ಸರ್ವಿಸ್ ರಸ್ತೆಯಲ್ಲಿ ಮೈಲಿಗಟ್ಟಲೆ ಬೀದಿದೀಪವಿಲ್ಲ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆಯೂ ದೀಪವಿಲ್ಲ, ತಪ್ಪು ದಿಕ್ಕಿನಿಂದ ನುಗ್ಗುವ ಬೈಕುಗಳಿಗೆ ಲೆಕ್ಕವಿಲ್ಲ.

ಕಾರಿನವರು ನಿಧಾನವಾಗಿ ಬರಲಿ, ಸೈಕಲ್ಲಿನವನ ಮೇಲೇಕೆ ಭಾರ ಹೊರಿಸುತ್ತೀಯ ಎಂದು ನನ್ನ ಸೈಕಲ್ ಬಳಗದವರೇ ಕೇಳುತ್ತಾರೆ. ಈ ವಾದವನ್ನು ವರ್ಷಗಟ್ಟಲೆ ಮಾಡಿದವನು ನಾನು, ಈಗ ಅದನ್ನು ಬಿಡುತ್ತಿದ್ದೇನೆ. ಕಾರಿನವರು ನಿಧಾನವಾಗಿ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನೆ ನಾನು ಕುಡಿದಿರಲಿಲ್ಲ, ಫೋನು ಮುಟ್ಟಿರಲಿಲ್ಲ, ನನ್ನ ವೇಗ ಅರವತ್ತನ್ನೂ ಮುಟ್ಟಿರಲಿಲ್ಲ, ಆದರೂ ಅವರು ನನಗೆ ಕಾಣಲಿಲ್ಲ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬೈಕಿನಲ್ಲಿ ಹಿಂದಿನಿಂದ ಬಂದು ಗುದ್ದಿ ನನ್ನ ಮೊಣಕೈ ಮುರಿದದ್ದು ನಿಮಗೆ ನೆನಪಿರಬಹುದು. “ಕಾಣಲಿಲ್ಲ ಸಾರ್, ದೇವರಾಣೆ ಕಾಣಲಿಲ್ಲ” ಎಂದು ಅವನು ಅಳುತ್ತಿದ್ದರೆ, ಸುಳ್ಳು ಹೇಳುತ್ತೀಯಾ ಎಂದು ನಾನು ಗದರಿದ್ದೆ. ನನ್ನ ಮುಂದಿನ ದೀಪಕ್ಕೆ ಸಾವಿರಾರು ರೂಪಾಯಿ ಸುರಿದಿದ್ದೆ, ಹಿಂದೆ ಏನೂ ಇರಲಿಲ್ಲ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ಹುಡುಗ ಸುಳ್ಳು ಹೇಳಿರಲಿಲ್ಲ.

ನನಗೆ ನಿಜವಾಗಿ ಸಿಟ್ಟಿರುವುದು ಸೈಕಲ್ಲನ್ನು ದೀಪವಿಲ್ಲದೆ ಮಾರುವವರ ಮೇಲೆ, ಹಂಚುವವರ ಮೇಲೆ. ಇಪ್ಪತ್ತು ಸಾವಿರದ ಸೈಕಲ್ಲಿಗೆ ನೀರಿನ ಬಾಟಲಿ ಇಡಲು ಜಾಗ ಮಾಡಿರುತ್ತಾರೆ. ಹಿಂದಿನ ದೀಪ ಕೇಳಿದರೆ “ಅದನ್ನ ಯಾರೂ ಕೇಳಲ್ಲ ಸಾರ್” ಎನ್ನುತ್ತಾರೆ. 2006–07ರಿಂದ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಟ್ಟಿತು, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಅದರಿಂದ ಎಷ್ಟು ಅನುಕೂಲವಾಯಿತು ಎಂಬುದನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ. ಆದರೆ ನಾನು ನೋಡಿದ ಅಂಥ ಒಂದು ಸೈಕಲ್ಲಿನಲ್ಲೂ ದೀಪವಿರಲಿಲ್ಲ. ಮಾಗಿಯಲ್ಲಿ ಸ್ಪೆಷಲ್ ಕ್ಲಾಸ್ ಮುಗಿಸಿಕೊಂಡು ಮನೆ ಸೇರುವಷ್ಟರಲ್ಲಿ ಆ ಮಕ್ಕಳಿಗೂ ಕತ್ತಲಾಗುತ್ತದೆ. ಅಪ್ಪನ ಕಾಲದ ಸೈಕಲ್ಲಿಗೆ ಡೈನಮೋ ಇತ್ತು, ತುಳಿದಷ್ಟು ಹೊತ್ತಾದರೂ ಹಿಂದೆ ಕೆಂಪಗೆ ಉರಿಯುತ್ತಿತ್ತು. ಇನ್ನೂರು ಮುನ್ನೂರು ರೂಪಾಯಿಗೆ ಅದಕ್ಕಿಂತ ಒಳ್ಳೆಯ ದೀಪ ಸಿಗುವ ಕಾಲದಲ್ಲಿ ನಾವು ಅದನ್ನೂ ಕಳೆದುಕೊಂಡೆವು.

ಬೆಳಿಗ್ಗೆ ಎರಡು ದೀಪ ತಂದೆ. ಬೀದಿದೀಪವಿಲ್ಲದ ರಸ್ತೆಯಲ್ಲಿ ಮಿನುಗುವ ದೀಪದಿಂದ ದೂರದ ಅಂದಾಜು ಸಿಗುವುದಿಲ್ಲವಾದ್ದರಿಂದ ಒಂದೇ ಸಮನೆ ಉರಿಯುವಂಥದ್ದನ್ನೇ ಆರಿಸಿದ್ದೇನೆ. ಆ ಹಿರಿಯರು ದಿನವೂ ಸಂಜೆ ಡೇರಿಗೆ ಹಾಲು ಹಾಕಿ, ಹುಲ್ಲು ಹೇರಿಕೊಂಡು ಅದೇ ದಾರಿಯಲ್ಲಿ ಬರುತ್ತಾರಂತೆ. ಸೀಟಿನ ಕೆಳಗೆ ಕಟ್ಟಿದರೆ ಹೊರೆ ಮುಚ್ಚಿಬಿಡುತ್ತದೆ, ಆದ್ದರಿಂದ ಹಿಂದಿನ ಚಕ್ರದ ಬಲಗಡೆಯ ಫೋರ್ಕಿಗೇ ಕಟ್ಟಬೇಕು. ನಾಳೆ ಆರು ಗಂಟೆಗೆ ಸ್ಪ್ಯಾನರು ಹಿಡಿದುಕೊಂಡು ಡೇರಿಯ ಹತ್ತಿರ ಹೋಗುತ್ತಿದ್ದೇನೆ.