ಮಗು ಆಟದಲ್ಲಿ ಮುಳುಗಿದಾಗ ಮಾತಾಡಿಸಬೇಡಿ

"ಇವನು ಒಂದು ಕಡೆ ಕೂರಲ್ಲ, ಗಮನವೇ ಇಲ್ಲ" ಅಂತ ಎರಡು ವರ್ಷದ ಮಗುವಿನ ಮೇಲೆ ದೂರು ಹೇಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಗಮನವನ್ನು ಹಿಡಿತದಲ್ಲಿಡುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದೇ ಇಪ್ಪತ್ತು ದಾಟಿದ ಮೇಲೆ. ಎರಡು ವರ್ಷಕ್ಕೆ ಇನ್ನೆಷ್ಟು ಕೇಳ್ತೀರಿ?

ಒಂದೂವರೆ ವರ್ಷದ ಮಗು ಡಬ್ಬಿಗೆ ಮುಚ್ಚಳ ಹಾಕುವುದನ್ನು ಒಮ್ಮೆ ಪಕ್ಕದಲ್ಲೇ ಕೂತು ನೋಡಿ. ತುಟಿ ಮುಂದೆ ಬಂದಿರುತ್ತದೆ. ಜೊಲ್ಲು ಸುರಿದರೂ ಗೊತ್ತಾಗಲ್ಲ. ಮುಚ್ಚಳ ಓರೆಯಾಗಿ ಕೂತರೆ ತೆಗೆಯುತ್ತದೆ, ತಿರುಗಿಸುತ್ತದೆ, ಮತ್ತೆ ಇಡುತ್ತದೆ. ಹೀಗೆ ಮಗುವಿನ ಗಮನ ಒಂದರ ಮೇಲೇ ನಿಂತಾಗ ಎದೆಬಡಿತ ಕೂಡ ನಿಧಾನವಾಗುತ್ತದೆ. ಸಂಶೋಧಕರು ಎಳೆ ಮಕ್ಕಳ ಗಮನ ಅಳೆಯಲು ಇದನ್ನೂ ನೋಡುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ನಾವು ಬಾಯಿ ಹಾಕುತ್ತೇವೆ. "ಇದು ಯಾವ ಬಣ್ಣ ಹೇಳು?" "ಹಾಗಲ್ಲ, ಹೀಗೆ." "ಇಲ್ಲಿ ನೋಡು, ಫೋಟೋ ತೆಗೀತೀನಿ." ಅಲ್ಲಿಗೆ ಮುಗೀತು.

ಮಗುವಿನ ಪಾಡಿಗೆ ಬಿಟ್ಟು ಎದ್ದು ಹೋಗಿ ಅಂತ ನಾನು ಹೇಳುತ್ತಿಲ್ಲ. ಚೆನ್ ಯು ಮತ್ತು ಲಿಂಡಾ ಸ್ಮಿತ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬಾ ಇಷ್ಟ. ವರ್ಷದ ಆಸುಪಾಸಿನ ಮಕ್ಕಳು ಮತ್ತು ಜೊತೆಗಿದ್ದ ಅಪ್ಪ ಅಥವಾ ಅಮ್ಮನ ತಲೆಗೆ ಪುಟ್ಟ ಕ್ಯಾಮೆರಾ ಹಾಕಿ, ಆಡುವಾಗ ಕಣ್ಣು ಎತ್ತ ಹೋಗುತ್ತದೆ ಅಂತ ನೋಡಿದರು. ಮಗು ನೋಡುತ್ತಿದ್ದ ಆಟಿಕೆಯನ್ನೇ ದೊಡ್ಡವರೂ ನೋಡಿದಾಗ ಮಗು ಅದರಲ್ಲಿ ಜಾಸ್ತಿ ಹೊತ್ತು ನಿಂತಿತು. ದೊಡ್ಡವರು ಕಣ್ಣು ತೆಗೆದ ಮೇಲೂ ನೋಡುತ್ತಲೇ ಇತ್ತು. ನನಗೆ ಇದು ದೊಡ್ಡ ವಿಷಯ. ಮಗು ಆರಿಸಿಕೊಂಡ ವಸ್ತುವಿನ ಹತ್ತಿರ ನಾವು ಹೋಗಬೇಕು. ನಮಗೆ ಬೇಕಾದ ಕಡೆ ಮಗುವನ್ನು ಎಳೆದರೆ ಅದು ನಮ್ಮ ಗಮನವಾಗುತ್ತದೆ, ಮಗುವಿನದ್ದಲ್ಲ.

"ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತದಲ್ಲ?" ಅಂತ ಕೇಳುವವರಿದ್ದಾರೆ. ಅಲ್ಲಿ ಕ್ಷಣಕ್ಕೊಂದು ಚಿತ್ರ, ಸದ್ದು ಬದಲಾಗಿ ಮಗುವನ್ನು ಕೂರಿಸುತ್ತವೆ. ಮುಚ್ಚಳ ತಾನಾಗಿ ಏನೂ ಮಾಡಲ್ಲ, ಮಗುವೇ ಮನಸ್ಸು ನಿಲ್ಲಿಸಬೇಕು. ಸುಮ್ನೆ ಹಿನ್ನೆಲೆಯಲ್ಲಿ ಓಡುವ ಟಿವಿಯೂ ಕಡಿಮೆಯದ್ದಲ್ಲ. ಒಂದರಿಂದ ಮೂರು ವರ್ಷದ ಮಕ್ಕಳ ಮೇಲೆ 2008ರಲ್ಲಿ ಬಂದ ಅಧ್ಯಯನದಲ್ಲಿ, ಮಕ್ಕಳು ಟಿವಿ ಕಡೆ ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸಿದ್ದಷ್ಟೇ, ಆದರೂ ಆಟ ತುಂಡು ತುಂಡಾಯಿತು.

ಆಟಿಕೆಯ ರಾಶಿಯೂ ಅಷ್ಟೇ. 2018ರ ಇನ್ನೊಂದು ಅಧ್ಯಯನದಲ್ಲಿ 16 ಆಟಿಕೆ ಇಟ್ಟಾಗಿನದಕ್ಕಿಂತ 4 ಇಟ್ಟಾಗ ಪುಟ್ಟ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು, ಬಗೆಬಗೆಯಾಗಿ ಆಡಿದರು. ಉಳಿದದ್ದನ್ನು ಮೇಲೆ ಎತ್ತಿಡಿ, ಆಗಾಗ ಬದಲಾಯಿಸಿ.

ಹೆಸರು ಕರೆದರೂ ತಿರುಗದ, ನೀವು ತೋರಿಸಿದ ಕಡೆ ನೋಡದ ಮಗುವಿನ ವಿಷಯ ಬೇರೆ. ಅಂಥ ಅನುಮಾನವಿದ್ದರೆ "ದೊಡ್ಡದಾದ ಮೇಲೆ ಸರಿ ಹೋಗುತ್ತೆ" ಅಂತ ಕೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.